ಕಚೇರಿ ವೇಳೆಯಲ್ಲೇ ಮುಕ್ತ ತಂತ್ರಾಂಶಕ್ಕೆ ದುಡಿಯಲು ಬಿಡಿ

ಮುಂಬಯಿಯ ಡೇಟಾ ಕಂಪನಿಗಳ ಆಡಳಿತದವರಿಗೂ ಅಲ್ಲಿ ದುಡಿಯುವ ಕನ್ನಡಿಗರಿಗೂ

ಅಂಧೇರಿ, ಪೊವಾಯಿ, ಐರೋಲಿಗಳಲ್ಲಿ ಕೂತು ಬ್ಯಾಂಕು, ವಿಮೆ, ಅಂಗಡಿಗಳ ಲೆಕ್ಕ ಅರೆಯುವ ಕಂಪನಿಗಳು ನಡೆಯುವುದು ಯಾವುದರ ಮೇಲೆ? ಲಿನಕ್ಸ್, ಪೋಸ್ಟ್‌ಗ್ರೆಸ್, ಪೈಥಾನ್, ಸ್ಪಾರ್ಕ್. ಇವುಗಳ ಮೂಲ ತಂತ್ರಾಂಶಕ್ಕೆ ಲೈಸೆನ್ಸ್ ಶುಲ್ಕವಿಲ್ಲ. ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಬಳಸುವುದರಲ್ಲಿ ನಮ್ಮ ಕಂಪನಿಗಳು ಸದಾ ಮುಂದು. ತಿದ್ದಿದ್ದನ್ನು ಮರಳಿ ಕೊಡೋಣವೆಂದರೆ ಮಾತ್ರ "ಲೀಗಲ್‌ನವರನ್ನು ಕೇಳಬೇಕು" ಎಂಬ ಉತ್ತರ. ಕೇಳಿದ ಇಮೇಲು ಅಲ್ಲೇ ಮಲಗುತ್ತದೆ.

ಒಂದು ಉದಾಹರಣೆ ನೋಡಿ. ಗ್ರಾಹಕರ ಹೆಸರು ಪದ್ಮಾ. ಪರದೆಯ ಮೇಲೆ ಸರಿಯಾಗಿ ಕಾಣುತ್ತದೆ, ಪಿಡಿಎಫ್ ಬಿಲ್ಲಿನಲ್ಲಿ 'ಪದ್‌ಮಾ' ಆಗಿ ಕೂರುತ್ತದೆ. ಅಕ್ಷರ ಜೋಡಿಸುವ ಹಾರ್ಫ್‌ಬಜ್‌ನಂಥ ಎಂಜಿನನ್ನು ಬಿಲ್ಲಿನ ಲೈಬ್ರರಿ ಬಳಸದಿದ್ದರೆ ಹೀಗಾಗುತ್ತದೆ. ತಂಡದಲ್ಲಿ ಕನ್ನಡ ಬಲ್ಲ ಹುಡುಗಿಯೊಬ್ಬಳು ಅದನ್ನು ಸರಿಪಡಿಸಿದಳು ಎನ್ನಿ. ತಿದ್ದುಪಡಿ ಕಂಪನಿಯ ಸರ್ವರಿನಲ್ಲೇ ಉಳಿಯಿತು. ಲೈಬ್ರರಿಯ ಹೊಸ ಆವೃತ್ತಿ ಬಂದಾಗಲೆಲ್ಲ ಅದನ್ನು ಮತ್ತೆ ಕೂಡಿಸಬೇಕು. ಅವಳು ಕೆಲಸ ಬಿಟ್ಟರೆ ಕೂಡಿಸುವವರೂ ಇಲ್ಲ. ಮೂಲ ಲೈಬ್ರರಿಗೇ ಕಳಿಸಿ ಅದು ಒಪ್ಪಿತವಾಗಿದ್ದರೆ ಮುಂದಿನ ಆವೃತ್ತಿ ಆ ತಿದ್ದುಪಡಿಯ ಸಮೇತವೇ ಬರುತ್ತಿತ್ತು, ಹುಬ್ಬಳ್ಳಿಯ ಕಿರಾಣಿ ಅಂಗಡಿಯ ಬಿಲ್ಲೂ ನೆಟ್ಟಗಾಗುತ್ತಿತ್ತು. ಕಂಪನಿಯ ಗುಟ್ಟು ಹೊರಬೀಳುತ್ತದೆ ಎನ್ನುವವರಿದ್ದಾರೆ. ಒತ್ತಕ್ಷರ ಯಾರ ವ್ಯಾಪಾರದ ಗುಟ್ಟು ಸ್ವಾಮಿ? ಹೊರಗೆ ಹೋಗುವುದು ಉಪಕರಣದ ರಿಪೇರಿ. ಗ್ರಾಹಕರ ಒಂದು ಸಾಲು ಮಾಹಿತಿಯೂ ಅಲ್ಲ.

ಇನ್ನು ಸುರಕ್ಷತೆ. ಕಡತ ಕುಗ್ಗಿಸುವ ಎಕ್ಸ್‌ಜಡ್ ಎಂಬ ಪುಟ್ಟ ತಂತ್ರಾಂಶವನ್ನು ವರ್ಷಗಟ್ಟಲೆ ಒಬ್ಬರೇ, ಸಂಬಳವಿಲ್ಲದೆ, ನೋಡಿಕೊಳ್ಳುತ್ತಿದ್ದರು. ನೆರವಿನ ಸೋಗಿನಲ್ಲಿ ಬಂದು ನಂಬಿಕೆ ಗಳಿಸಿದವರು ಅದರೊಳಗೆ ಕಳ್ಳಬಾಗಿಲು ಕೊರೆದರು. 2024ರ ಮಾರ್ಚಿನಲ್ಲಿ ಅದನ್ನು ಪತ್ತೆ ಹಚ್ಚಿದವರು ಆಂಡ್ರೆಸ್ ಫ್ರಾಯಿಂಡ್, ಮೈಕ್ರೋಸಾಫ್ಟಿನ ಸಂಬಳದಲ್ಲಿ ಪೋಸ್ಟ್‌ಗ್ರೆಸ್ ಕೆಲಸ ಮಾಡುವ ನೌಕರ. ಆ ಕಳ್ಳಬಾಗಿಲಿನಿಂದಾಗಿ ಲಾಗಿನ್ ಅರ್ಧ ಸೆಕೆಂಡು ತಡವಾದದ್ದು ಅವರ ಕಣ್ಣಿಗೆ ಬಿತ್ತು, ಬೆನ್ನು ಹತ್ತಿದರು. ಆ ಅರ್ಧ ಸೆಕೆಂಡಿನ ಹಿಂದೆ ಹೋಗಲು ಅವರಿಗೆ ಪುರುಸೊತ್ತಿತ್ತು. ನಿಮ್ಮ ನೌಕರರಿಗೆ ಇದೆಯೇ?

ಮುಕ್ತ ತಂತ್ರಾಂಶಕ್ಕೆ ಸಂಬಳ ಕೊಟ್ಟು ದುಡಿಸುವುದು ನಮ್ಮೂರಿನಲ್ಲಿ ಆಗದ ಮಾತೇನಲ್ಲ. 2008ರಲ್ಲಿ ಶುರುವಾದ ಮುಂಬಯಿಯ ಫ್ರಾಪೆ ಕಂಪನಿ ತನ್ನ ಇಆರ್‌ಪಿನೆಕ್ಸ್ಟ್ ತಂತ್ರಾಂಶದ ಕೋಡನ್ನು ಬಹಿರಂಗವಾಗಿಟ್ಟೇ ವ್ಯಾಪಾರ ಮಾಡುತ್ತಿದೆ. ಇಲ್ಲಿನ ಏಕ್ ಟೈಪ್ ಸಂಸ್ಥೆ ಬಾಲೂ ತಮ್ಮ, ಅನೇಕ್ ಕನ್ನಡ ಫಾಂಟುಗಳನ್ನು ಮುಕ್ತ ಲೈಸೆನ್ಸಿನಲ್ಲಿ ಕೊಟ್ಟಿದೆ. ಪಕ್ಕದ ಪುಣೆಯಲ್ಲಿರುವ ಇಡಿಬಿ ಕಂಪನಿಯ ಕಚೇರಿಯ ಕೆಲವು ಎಂಜಿನಿಯರುಗಳಿಗೆ ಪೋಸ್ಟ್‌ಗ್ರೆಸ್‌ಗೆ ಕೋಡ್ ಬರೆಯುವುದೇ ಸಂಬಳದ ಕೆಲಸ.

"ರಾತ್ರಿ ಮನೆಯಲ್ಲಿ ಮಾಡಿಕೊಳ್ಳಲಿ, ಯಾರು ಬೇಡವೆಂದರು?" ಎಂಬ ಉದಾರ ಮಾತೂ ಕೇಳಿಬರುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರ ಮಕ್ಕಳು, ಮೊಮ್ಮಕ್ಕಳು ನಾವು. ರಾತ್ರಿ ದುಡಿಮೆಯ ಬೆಲೆಯೂ ಅದರ ಸುಸ್ತೂ ನಮಗೆ ಗೊತ್ತು. ಕರ್ಜತ್ ಲೋಕಲ್‌ನಲ್ಲಿ ನಿಂತು ಮನೆ ಮುಟ್ಟಿದವನಿಗೆ ಊಟ, ನಿದ್ದೆಯ ನಂತರ ಉಳಿಯುವುದೆಷ್ಟು? ಮೇಲಾಗಿ ಕಾನೂನಿನ ತೊಡಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದದ್ದರ ಮೊದಲ ಹಕ್ಕು ಮಾಲೀಕರದು. ಎಷ್ಟೋ ನೇಮಕಾತಿ ಪತ್ರಗಳು ಮನೆಯಲ್ಲಿ ಬರೆದದ್ದನ್ನೂ ಇದರೊಳಗೆ ಎಳೆದುಕೊಳ್ಳುತ್ತವೆ. ಅನುಮತಿಯಿಲ್ಲದೆ ಕೊಟ್ಟ ಕೋಡು ಕೊಟ್ಟವನಿಗೂ ಕಷ್ಟ, ಪಡೆದವರಿಗೂ ಕಷ್ಟ.

ಆದ್ದರಿಂದ ಆಡಳಿತದವರು ಒಂದು ಪುಟದ ನೀತಿ ಬರೆದು ಗೋಡೆಗೆ ಹಚ್ಚಲಿ: ನಾವು ಬಳಸುವ ಮುಕ್ತ ತಂತ್ರಾಂಶದ ದೋಷ ತಿದ್ದಿದರೆ ಅದನ್ನು ಮೂಲಕ್ಕೆ ಕಳಿಸಬಹುದು, ಕಚೇರಿ ವೇಳೆಯಲ್ಲೇ, ನೌಕರನ ಹೆಸರಿನಲ್ಲೇ, ಅಪ್ರೈಸಲ್‌ನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ವಾರಕ್ಕೆ ಅರ್ಧ ದಿನದಿಂದ ಶುರುವಾದರೂ ಸಾಕು.

ಕನ್ನಡದ ಗೆಳೆಯರೇ, ಮುಂದಿನ ಅಪ್ರೈಸಲ್‌ಗೆ ಹೋಗುವಾಗ ಈ ಹಾಳೆಯನ್ನು ಒಯ್ದು ಮ್ಯಾನೇಜರ್ ಮುಂದಿಡಿ. ಅವರಿಗೆ ಕನ್ನಡ ಓದಲು ಬಾರದಿದ್ದರೆ ಅನುವಾದಿಸಿ ಹೇಳಿ. ಬಾಯಿಮಾತಿನ ಒಪ್ಪಿಗೆಗೆ ಎದ್ದು ಬರಬೇಡಿ, ಬರಹದಲ್ಲಿ ಕೇಳಿ.