ಕಾವಲುಗಾರನ ಮನಸ್ಸು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ವರ್ಷವರ್ಷವೂ ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು, ಊರ ನಡುವಣ ಹುಣಿಸೆಯ ಮರಗಳಲ್ಲಿ ಗೂಡು ಕಟ್ಟಿ, ಮರಿಗಳನ್ನು ಬೆಳೆಸಿಕೊಂಡು ಮಳೆಗಾಲದ ಹೊತ್ತಿಗೆ ಹೊರಟುಹೋಗುತ್ತವೆ. ಆ ಮರಗಳಲ್ಲಿ ಬಹುಪಾಲು ರೈತರ ಸ್ವಂತದವು. ಗೂಡು ಬಿದ್ದ ಮರದ ಫಸಲು ಒಡೆಯನ ಕೈಗೆ ದಕ್ಕುವುದು ಕಷ್ಟ. ಹೀಗಿದ್ದೂ ಊರವರು ಈ ಹಕ್ಕಿಗಳನ್ನು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಭಾವಿಸಿ ಕಾಯುತ್ತ ಬಂದಿದ್ದಾರೆ.

ಇದನ್ನು ನಾವಿಂದು ನೆನೆಯುವುದಕ್ಕೆ ಕಾರಣವುಂಟು. ಪಟ್ಟಣಗಳಲ್ಲಿ ಮುಗಿಲು ಮುಟ್ಟುವ ವಸತಿಗೃಹಗಳೂ ಕಚೇರಿಗಳೂ ಎದ್ದಿವೆ. ಅವುಗಳ ಮೇಲ್ವಿಚಾರಣೆ ಕಂಪೆನಿಗಳದು; ದುಡಿತವಾದರೋ ಗುತ್ತಿಗೆಯ ಕಾವಲುಗಾರರದು, ತೋಟಗಾರರದು, ಕಸ ಗುಡಿಸುವವರದು. ಆಳುಗಳಿಗೆ ಕೆಲಸದಲ್ಲಿ ಮನಸ್ಸಿಲ್ಲವೆಂಬುದು ಒಡೆಯರ ನಿತ್ಯದ ದೂರು. ಆದರೆ ಮನಸ್ಸೇನು ಗುತ್ತಿಗೆದಾರನು ತಂದೊಪ್ಪಿಸುವ ಸಾಮಗ್ರಿಯೆ?

ಬೆಳ್ಳೂರಿನವರ ಮನಸ್ಸು ಬರಿಯ ಉಪದೇಶದಿಂದ ಉಳಿದುದಲ್ಲ. ಮೊದಲನೆಯದಾಗಿ, ಹಕ್ಕಿಗಳ ಹಿಕ್ಕೆ ಅವರ ಹೊಲಕ್ಕೆ ಗೊಬ್ಬರವಾಯಿತು. ಕಾದವನಿಗೆ ಫಲದಲ್ಲಿ ಪಾಲು ದೊರೆಯಿತು. ಎರಡನೆಯದಾಗಿ, 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಊರಿನ ಮಹತ್ವವನ್ನು ಸರಕಾರದ ಗಮನಕ್ಕೆ ತಂದ ಮೇಲೆ, ಗೂಡಿರುವ ಮರಗಳ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ ಬಂತು; ನಷ್ಟವು ಲೆಕ್ಕಕ್ಕೆ ಬಂತು. ಮೂರನೆಯದಾಗಿ, ಊರಿನ ತರುಣರೇ ಹೆಜ್ಜಾರ್ಲೆ ಬಳಗವನ್ನು ಕಟ್ಟಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಟ್ಟರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಇಂತಹ ಪ್ರದೇಶದ ಆಡಳಿತ ಸಮಿತಿಯಲ್ಲಿ ಗ್ರಾಮಪಂಚಾಯತಿಯು ಹೆಸರಿಸಿದ ಪ್ರತಿನಿಧಿಗಳೇ ಹೆಚ್ಚು ಮಂದಿ ಇರಬೇಕೆಂದೂ, ಇಲಾಖೆಯ ಪ್ರತಿನಿಧಿ ಒಬ್ಬನೇ ಎಂದೂ ಕಾನೂನಿದೆ. ಫಲದಲ್ಲಿ ಪಾಲು, ನಷ್ಟಕ್ಕೆ ಲೆಕ್ಕ, ಆಡಳಿತದಲ್ಲಿ ಮಾತು: ಈ ಮೂರೂ ಸೇರಿದಲ್ಲಿ ಕಾವಲುಗಾರನು ಕೂಲಿಯವನಾಗಿ ಉಳಿಯದೆ ಮನೆಯವನಾಗುತ್ತಾನೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. ಪರಿಹಾರವು ಹುಣಿಸೆಯ ಬೆಲೆಗೆ ಸಾಟಿಯಲ್ಲವೆಂಬ ರೈತರ ದೂರು ಹಳೆಯದು. ಅಕ್ಕರೆಯಿದೆಯಲ್ಲವೆ ಎಂದು ಹಣದಲ್ಲಿ ಕಡಿತ ಮಾಡುವುದು ಅಕ್ಕರೆಗೇ ಬಗೆಯುವ ದ್ರೋಹ. ತವರಿನ ಪ್ರೀತಿ ಎಷ್ಟೇ ದೊಡ್ಡದಾಗಲಿ, ತವರಿನವರಿಗೂ ಹೊಟ್ಟೆಯುಂಟು.

ಆದುದರಿಂದ ಅಧಿಕಾರಿವರ್ಗದವರು ಮರದ ಪರಿಹಾರವನ್ನು ಫಸಲಿನ ಬೆಲೆಯನ್ನು ನೋಡಿ ಕಾಲಕಾಲಕ್ಕೆ ಏರಿಸತಕ್ಕದ್ದು. ಪಟ್ಟಣದ ಕಟ್ಟಡಗಳ ಒಡೆಯರು, ಬಾಗಿಲಲ್ಲಿ ನಿಂತವನಿಗೆ ಸಕಾಲದ ಸಂಬಳ, ವಾರದ ರಜೆ, ಕೂರಲೊಂದು ಪೀಠ, ತಿಂಗಳಿಗೊಮ್ಮೆ ತನ್ನ ಕೆಲಸದ ಬಗೆಗೆ ಮಾತನಾಡಲು ಒಂದು ಸಭೆ, ಇಷ್ಟನ್ನಾದರೂ ಕೊಡಲಿ. ಆಮೇಲೆ ಅವನ ಮನಸ್ಸೆಲ್ಲಿ ಎಂದು ಕೇಳುವ ಅಧಿಕಾರ ಅವರಿಗೆ ಬಂದೀತು.