ನೀರು ಚೆನ್ನಾಗಿರ್ಲಿಲ್ವಾ?

ಬರೆಯದೆ ತುಂಬ ದಿನವಾಗಿತ್ತು. ಆಫೀಸು, ರಿಲೀಸು, ಡೆಡ್‌ಲೈನು.. ಯಾವಾಗಲೂ ಇರುವ ನೆಪಗಳೇ. ಈಗ ಎಡಗಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು, ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮನೆಯಲ್ಲೇ ಕೂತಿದ್ದೇನೆ. ಹಾಗಾಗಿ ನೆಪ ಇಲ್ಲ. ಜೊತೆಗೆ ಒಂದಷ್ಟು ಸಿಟ್ಟೂ ಇದೆ. ಯಾರ ಮೇಲೆ ಅಂತ ಮೊದಲೇ ಹೇಳಿಬಿಡ್ತೀನಿ: ನನ್ನ ಮೇಲೆ, ಮತ್ತೆ ನನ್ನ ಹಾಗೆ ಭಾನುವಾರ ಬೆಳಗ್ಗೆ ಎದೆಗೆ ನಂಬರ್ ಚುಚ್ಚಿಕೊಂಡು ಓಡುವ ಎಲ್ಲರ ಮೇಲೆ.

ಮೊನ್ನೆ ಬೆಂಗಳೂರಿನಲ್ಲಿ ನನ್ನ ಮೊದಲ ಹಾಫ್ ಮ್ಯಾರಥಾನ್ ಓಡಿದೆ. ಯಾವ ಓಟ ಅಂತ ಹೆಸರು ಹೇಳಲ್ಲ. ಹೇಳಿದರೆ ಜಗಳವೆಲ್ಲ ಆ ಒಂದು ಓಟದ ಮೇಲೆ ತಿರುಗುತ್ತೆ, ನಾವು ಓಟಗಾರರು ಆರಾಮಾಗಿ ತಪ್ಪಿಸಿಕೊಳ್ತೀವಿ.

ಹಾಫ್ ಮ್ಯಾರಥಾನ್ ಅಂದರೆ 21.0975 ಕಿ.ಮೀ. ಆ ಕೊನೆಯ ತೊಂಬತ್ತೇಳೂವರೆ ಮೀಟರನ್ನು ಬಿಟ್ಟು ಹೇಳಿದರೆ ಓಡಿದವರಿಗೆ ಸಿಟ್ಟು ಬರುತ್ತೆ :) ನಾಲ್ಕು ತಿಂಗಳು ತಯಾರಿ ಮಾಡಿದ್ದೆ. ವಾರದ ದಿನಗಳಲ್ಲಿ ಮನೆ ಹತ್ತಿರದ ಕೆರೆ ಸುತ್ತ, ಭಾನುವಾರ ವಾಹನ ಬಿಡದ ಕಬ್ಬನ್ ಪಾರ್ಕಿನಲ್ಲಿ ಉದ್ದದ ಓಟ. ಗುರಿ 2 ಗಂಟೆ 10 ನಿಮಿಷ. ಬೆಳಗಿನ ಜಾವ ಮೂರೂವರೆಗೆ ಎದ್ದು, ಒಂದು ಬಾಳೆಹಣ್ಣು ತಿಂದು, ಕ್ಯಾಬ್ ಹಿಡಿದು ಹೋದೆ. ಐದೂವರೆಗೆ ಓಟ ಶುರು. ಕತ್ತಲು, ತಂಗಾಳಿ, ಖಾಲಿ ರಸ್ತೆ! ಬೇರೆ ದಿನ ಬೈಕಿನಲ್ಲಿ ಬೈಸಿಕೊಳ್ಳುತ್ತಾ ಹೋಗುವ ಅದೇ ಕಸ್ತೂರಬಾ ರಸ್ತೆಯ ನಡುವೆ ಓಡುವಾಗ ಏನೋ ಗೆದ್ದ ಹಾಗೆ ಅನ್ನಿಸಿದ್ದು ಸುಳ್ಳಲ್ಲ.

ಹೆಚ್ಚುಕಮ್ಮಿ ಎರಡೂವರೆ ಕಿ.ಮೀ.ಗೆ ಒಂದರಂತೆ ನೀರಿನ ಟೇಬಲ್ ಇತ್ತು. ಕಾಲೇಜು ಹುಡುಗ ಹುಡುಗಿಯರು ಮುಚ್ಚಳ ತೆಗೆದು 200 ಮಿ.ಲೀ. ಬಾಟಲಿ ಚಾಚಿ ನಿಂತಿದ್ದರು. ನಾನೂ ಕಿತ್ತುಕೊಂಡೆ, ಎರಡು ಗುಟುಕು ಕುಡಿದೆ, ಉಳಿದದ್ದನ್ನು ಒಂದಿಷ್ಟು ತಲೆಗೆ ಸುರಿದುಕೊಂಡು ಬಿಸಾಕಿದೆ. ಎಲ್ಲಿ ಬಿತ್ತು ಅಂತ ತಿರುಗಿ ನೋಡಲಿಲ್ಲ. ಮುಂದಿನ ಟೇಬಲ್ಲಿನಲ್ಲಿ ಬಾಯಾರಿಕೆ ಇಲ್ಲದಿದ್ದರೂ ಇನ್ನೊಂದು. ಹದಿನಾರನೇ ಕಿ.ಮೀ. ಹೊತ್ತಿಗೆ ಐದು ಬಾಟಲಿ ಬಿಸಾಕಿದ್ದೆ. ಟೈಮಿಂಗ್ ಚೆನ್ನಾಗಿತ್ತು, 1 ಗಂಟೆ 39 ನಿಮಿಷ.

ಅಲ್ಲೇ ಆಗಿದ್ದು. ನೀರಿನ ಟೇಬಲ್ ದಾಟಿದ ಮೇಲೆ ರಸ್ತೆ ತುಂಬ ಬಾಟಲಿಗಳು, ಕಾಲಿಗೆ ಸಿಕ್ಕಿ ಕರಕರ ಅಂತಿದ್ದವು. ಅದರಲ್ಲೊಂದು ಅರ್ಧ ನೀರಿದ್ದದ್ದು, ಅಪ್ಪಚ್ಚಿಯಾಗದೆ ಉರುಳಿತು. ಪಾದ ಒಳಕ್ಕೆ ಮಡಚಿತು. ಫುಟ್‌ಪಾತ್ ಅಂಚಿನಲ್ಲಿ ಹತ್ತು ನಿಮಿಷ ಕೂತೆ, ಯಾರೋ ಸ್ಪ್ರೇ ಹೊಡೆದರು. ಉಳಿದ ಐದು ಕಿ.ಮೀ. ಕುಂಟಿಕೊಂಡು ನಡೆದೆ. 2 ಗಂಟೆ 51 ನಿಮಿಷಕ್ಕೆ ಮುಗಿಸಿದೆ. ಮೆಡಲ್ ಕೊಟ್ಟರು, ಫೋಟೋ ತೆಗೆದರು.

ಕಾಲು ಉಳುಕಿದ್ದಕ್ಕೆ ಈ ಲೇಖನ ಅಲ್ಲ. ವೇಗವಾಗಿ ಓಡುವವರು ಯಾರೂ ನೋಡದ ಒಂದನ್ನು ಆ ಐದು ಕಿ.ಮೀ. ನನಗೆ ತೋರಿಸಿತು: ಓಟದ ಬೆನ್ನ ಹಿಂದಿನ ರಸ್ತೆ.

ಹದಿನೆಂಟನೇ ಕಿ.ಮೀ. ಹತ್ತಿರ ಇಬ್ಬರು ಪೌರಕಾರ್ಮಿಕ ಹೆಂಗಸರು ಬಾಟಲಿ ಆರಿಸುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದು ದೊಡ್ಡ ಚೀಲ. ಬಗ್ಗೋದು, ಬಾಟಲಿ ಎತ್ತೋದು, ಅದರಲ್ಲಿರೋ ನೀರನ್ನ ಪಕ್ಕದ ಹೊಂಗೆ ಮರದ ಬುಡಕ್ಕೆ ಚೆಲ್ಲೋದು, ಆಮೇಲೆ ಚೀಲಕ್ಕೆ ಹಾಕೋದು. ನೀರು ಚೆಲ್ಲದಿದ್ದರೆ ಚೀಲ ಎತ್ತೋಕಾಗಲ್ಲ. ನಾನು ಕುಂಟೋದು ನೋಡಿ ಅವರಲ್ಲಿ ವಯಸ್ಸಾದ ಅಕ್ಕ ಕೇಳಿದರು.

"ಕಾಲ್ ಏನಾಯ್ತಪ್ಪ?"

"ಬಾಟ್ಲಿ ಮೇಲೆ ಕಾಲಿಟ್ಬಿಟ್ಟೆ ಅಕ್ಕ, ಉಳುಕ್ತು."

"ನೋಡ್ಕೊಂಡ್ ನಡಿಯಪ್ಪ." ಅಷ್ಟು ಹೇಳಿ ಇನ್ನೊಂದು ಬಾಟಲಿ ಎತ್ತಿ, ಅದರಲ್ಲಿದ್ದ ನೀರು ನನಗೆ ತೋರಿಸುತ್ತಾ ಕೇಳಿದರು, "ಯಾಕಪ್ಪ, ನೀರು ಚೆನ್ನಾಗಿರ್ಲಿಲ್ವಾ? ಎಲ್ರೂವೆ ಒಂದೊಂದ್ ಗುಟುಕು ಕುಡ್ದು ಬಿಸಾಕವ್ರೆ.."

ವ್ಯಂಗ್ಯ ಅಲ್ಲ. ನಿಜವಾಗಿಯೂ ಕೇಳಿದ್ದು. ನೀರು ಕೆಟ್ಟಿದ್ದರೆ ಮಾತ್ರ ಇಷ್ಟು ಜನ ಹೀಗೆ ಬಿಸಾಕಬಹುದು ಅಂತ ಅವರ ಲೆಕ್ಕ.

"ಓಡ್ತಾ ಇದ್ರೆ ಜಾಸ್ತಿ ಕುಡಿಯೋಕಾಗಲ್ಲ ಅಕ್ಕ" ಅಂದೆ.

"ಹಂಗಾದ್ರೆ ಅರ್ಧ ಲೋಟ ಈಸ್ಕೋಬೇಕಪ್ಪ!"

ಆರು ವರ್ಷದಿಂದ ಸಾಫ್ಟ್‌ವೇರ್ ಬರೀತಿದ್ದೀನಿ. ಸಮಸ್ಯೆಗೆ ಪರಿಹಾರವನ್ನು ಇಷ್ಟು ಚಿಕ್ಕದಾಗಿ ಯಾವ ಮೀಟಿಂಗಿನಲ್ಲೂ ಕೇಳಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ (ಹಾಳಾದ ಇಂಜಿನಿಯರ್ ಬುದ್ಧಿ). ಒಂದು ಓಟಕ್ಕೆ 5,000 ಜನ ಅಂದುಕೊಳ್ಳಿ. ಎಂಟು ಟೇಬಲ್, ತಲಾ ಒಂದು ಬಾಟಲಿ ಅಂದರೆ 40,000 ಬಾಟಲಿ. ಕೆಲವರು ತಗೊಳ್ಳಲ್ಲ, ಕೆಲವರು ಪೂರ್ತಿ ಕುಡೀತಾರೆ, ಸರಿ, ಅರ್ಧಕ್ಕೆ ಇಳಿಸಿ. ಆಗಲೂ 20,000 ಬಾಟಲಿ. ಪ್ರತಿಯೊಂದರಲ್ಲೂ ಅರ್ಧ ಉಳಿದರೆ 2,000 ಲೀಟರ್ ನೀರು. ಒಂದೇ ಬೆಳಗ್ಗೆ, ಮೂರು ಗಂಟೆಯೊಳಗೆ, ಆರೋಗ್ಯದ ಹೆಸರಿನಲ್ಲಿ.

ಇದು ಯಾವ ಊರಿನಲ್ಲಿ? 2024ರ ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾದು ಕೂತ ಊರಿನಲ್ಲಿ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆಗ ಆದೇಶ ಹೊರಡಿಸಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲೂ ದಿನಕ್ಕೆರಡು ಹೊತ್ತು ಮಾತ್ರ ನೀರು ಬಿಡ್ತಿದ್ರು. ಕಾವೇರಿ ನೀರಾದರೂ ಎಲ್ಲಿಂದ ಬರುತ್ತೆ? ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ., ಪಂಪ್ ಮಾಡಿ ಎತ್ತರಕ್ಕೆ ಹತ್ತಿಸಿಕೊಂಡು. ನಾನು 21 ಕಿ.ಮೀ. ಓಡಿ ಮೆಡಲ್ ಹಾಕಿಕೊಂಡೆ. ಬಾಟಲಿಯೊಳಗಿದ್ದದ್ದು ಕಾವೇರಿಯಲ್ಲ, ಬೋರ್‌ವೆಲ್ ನೀರೇ ಇರಬಹುದು. ಅದನ್ನೂ ಯಾರದೋ ಹಳ್ಳಿಯ ನೆಲದಡಿಯಿಂದಲೇ ಎತ್ತಿರೋದು. ನನ್ನೂರು ಅರಸೀಕೆರೆ ಕಡೆ. ಬೋರ್‌ವೆಲ್ ಕೊರೆಯೋ ಲಾರಿ ಬಂದಾಗ ಮನೆಮಂದಿಯೆಲ್ಲ ಊಟ ಬಿಟ್ಟು ನಿಂತು ನೋಡೋದನ್ನ ಕಂಡು ಬೆಳೆದವನು ನಾನು. ಅಂಥವನೇ ಐದು ಬಾಟಲಿ ಬಿಸಾಕಿದ್ದೀನಿ ಅಂದ್ರೆ..

ಇದನ್ನ ನಮ್ಮ ಓಟದ ವಾಟ್ಸಾಪ್ ಗುಂಪಿನಲ್ಲಿ ಹೇಳಿದೆ. ಬಂದ ಉತ್ತರಗಳನ್ನ ಒಂದೊಂದಾಗಿ ನೋಡೋಣ.

"ಎಂಟ್ರಿ ಫೀ ಕೊಟ್ಟಿದ್ದೀವಲ್ಲ, ಅದರಲ್ಲೇ ಕ್ಲೀನಿಂಗೂ ಬಂತು." ಹೋಟೆಲ್ಲಿನಲ್ಲೂ ದುಡ್ಡು ಕೊಡ್ತೀವಿ. ಅಂತ ಇಡ್ಲಿ ಅರ್ಧ ತಿಂದು ನೆಲಕ್ಕೆ ಎಸೆದು ಬರ್ತೀವಾ? ಫೀ ಕೊಟ್ಟಿದ್ದು ನೀರಿಗೆ, ಇನ್ನೊಬ್ಬರ ಬೆನ್ನು ಬಗ್ಗಿಸೋಕಲ್ಲ. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಅಂತ ಮುಷ್ಕರ ಕೂತಿದ್ದಾಗ ನಮ್ಮ ಗುಂಪಿನಲ್ಲಿ ಚರ್ಚೆ ಆಗಿದ್ದು ಏನು ಗೊತ್ತಾ? "ಕಸ ಎತ್ತಿಲ್ಲ, ರೂಟ್ ಬದಲಾಯಿಸೋಣ" ಅಂತ.

"ನಿಂತು ಕುಡಿದರೆ ಟೈಮ್ ಹೋಗುತ್ತೆ." ಎಷ್ಟು? ಟೇಬಲ್ಲಿಗೆ ಹತ್ತು ಸೆಕೆಂಡ್ ಅಂದ್ರೂ ಎಂಟು ಟೇಬಲ್ಲಿಗೆ 80 ಸೆಕೆಂಡ್. ಕೀನ್ಯಾ, ಇಥಿಯೋಪಿಯಾದ ಓಟಗಾರರು ಒಂದು ಗಂಟೆಯೊಳಗೆ ಈ ದೂರ ಮುಗಿಸ್ತಾರೆ, ಅವರಿಗೆ ಪ್ರತಿ ಸೆಕೆಂಡೂ ಅನ್ನ. ನಾವು ಎರಡೂಕಾಲು ಗಂಟೆಯವರು. ಸೆಲ್ಫಿಗೆ ಅದಕ್ಕಿಂತ ಹೆಚ್ಚು ಹೊತ್ತು ನಿಲ್ತೀವಿ ಸ್ವಾಮಿ!

"ನೀರು ಕುಡಿಯದಿದ್ದರೆ ಡೀಹೈಡ್ರೇಶನ್ ಆಗಿ ಬಿದ್ದು ಹೋಗ್ತೀವಿ." ಕುಡೀಬೇಡಿ ಅಂತ ಯಾರು ಹೇಳಿದ್ರು? ಬಾಯಾರಿದಷ್ಟು ಕುಡಿಯಿರಿ. ಅತಿಯಾಗಿ ಕುಡಿಯೋದೂ ಅಪಾಯವೇ. ರಕ್ತದಲ್ಲಿ ಸೋಡಿಯಂ ಇಳಿದುಬಿಡುತ್ತೆ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಕಡಿಮೆಯಾಗಿತ್ತು. 2005ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅದು ಪ್ರಕಟವಾಯ್ತು. ಟೇಬಲ್ ಕಂಡಲ್ಲೆಲ್ಲ ಬಾಟಲಿ ಕಿತ್ತುಕೊಳ್ಳೋ ಅಗತ್ಯ ದೇಹಕ್ಕಿಲ್ಲ, ಅದು ಬರೀ ಅಭ್ಯಾಸ.

"ಎಲ್ಲ ರೀಸೈಕಲ್ ಆಗುತ್ತೆ." ಬಾಟಲಿ ಆಗಬಹುದು. ಚೆಲ್ಲಿದ ನೀರು? ಬಗ್ಗಿ ಬಗ್ಗಿ ನೋಯುವ ಆ ಅಕ್ಕನ ಸೊಂಟ?

"ಹಾಗಾದ್ರೆ ಪೇಪರ್ ಕಪ್ ಕೊಡಲಿ." ಪೇಪರ್ ಕಪ್ಪಿನ ಒಳಗೂ ಪ್ಲಾಸ್ಟಿಕ್ ಪದರ ಇರುತ್ತೆ. ಅದನ್ನೂ ಅವರೇ ಆರಿಸಬೇಕು. ನಮ್ಮ ರಾಜ್ಯ 2016ರಲ್ಲೇ ಪ್ಲಾಸ್ಟಿಕ್ ಲೋಟ, ತಟ್ಟೆ, ಚೀಲ ನಿಷೇಧಿಸಿತು. ಬಾಟಲಿ ಆ ಪಟ್ಟಿಯಲ್ಲಿಲ್ಲ. ಕಾನೂನು ಬಿಟ್ಟಿದೆ ಅನ್ನೋ ಒಂದೇ ಕಾರಣಕ್ಕೆ ನಾವೂ ಬಿಡಬೇಕಾ?

ಎಲ್ಲದಕ್ಕಿಂತ ಮೈ ಉರಿಸಿದ್ದು ಇನ್ನೊಂದು. ಅದೇ ಗುಂಪಿನಲ್ಲಿ ಮರುದಿನ ಒಂದು ಆಹ್ವಾನ ಬಂತು. ಮುಂದಿನ ಶನಿವಾರ ಪ್ಲಾಗಿಂಗ್! ಓಡುತ್ತಾ ಕಸ ಆರಿಸೋದು, ಸ್ವೀಡನ್ನಿನಿಂದ ಬಂದ ಪದ್ಧತಿ. ಟೀ ಶರ್ಟ್ ಕೊಡ್ತಾರಂತೆ. ಒಂದು ವಾರ ಸಾವಿರಾರು ಬಾಟಲಿ ರಸ್ತೆಗೆ ಸುರಿದು, ಇನ್ನೊಂದು ವಾರ ಗ್ಲೌಸ್ ಹಾಕಿ ಇಪ್ಪತ್ತು ಬಾಟಲಿ ಆರಿಸಿ ಫೋಟೋ ಹಾಕೋದು. ನಾವು ಮಾಡಿದರೆ ಅದಕ್ಕೆ ಸ್ವೀಡನ್ನಿನ ಹೆಸರು, ಆ ಅಕ್ಕ ದಿನಾ ಮಾಡಿದರೆ ಹೆಸರೇ ಇಲ್ಲ.

ಬೇರೆ ದಾರಿ ಇಲ್ವಾ? ಇದೆ. ಯೂರೋಪಿನ ಮಾಂಟ್ ಬ್ಲಾಂಕ್ ಪರ್ವತದ ಸುತ್ತ ಸುಮಾರು 170 ಕಿ.ಮೀ. ಓಡುವ ಯುಟಿಎಂಬಿ ಓಟದಲ್ಲಿ ಪ್ರತಿಯೊಬ್ಬ ಓಟಗಾರನೂ ತನ್ನ ಲೋಟ ತಾನೇ ತರಬೇಕು, ಅದು ಕಡ್ಡಾಯ. 2019ರ ಲಂಡನ್ ಮ್ಯಾರಥಾನಿನಲ್ಲಿ ಕಡಲಪಾಚಿಯಿಂದ ಮಾಡಿದ, ನುಂಗಿಬಿಡಬಹುದಾದ ಪುಟ್ಟ ಚೀಲಗಳಲ್ಲಿ ಪಾನೀಯ ಕೊಟ್ಟು ನೋಡಿದರು. 170 ಕಿ.ಮೀ. ಬೆಟ್ಟ ಹತ್ತಿಳಿಯೋರಿಗೆ ಲೋಟ ಭಾರ ಅಲ್ಲ. 21 ಕಿ.ಮೀ. ಡಾಂಬರು ರಸ್ತೆಯಲ್ಲಿ ಓಡೋ ನಮಗೆ ಭಾರ!

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮಲ್ಲಿ ಅರವಟ್ಟಿಗೆ ಇರಲಿಲ್ವೇ? ಬೇಸಿಗೆಯಲ್ಲಿ, ಜಾತ್ರೆಯಲ್ಲಿ ದಾರಿಹೋಕರಿಗೆ ಮಣ್ಣಿನ ಹರವಿಯಲ್ಲಿ ನೀರು, ಮಜ್ಜಿಗೆ ಇಟ್ಟು ಕಾಯೋರು. ಒಂದೇ ಲೋಟ. ಎತ್ತಿ ಕುಡಿದು ವಾಪಸ್ ಇಟ್ಟು ಹೋಗೋದು. ಯಾರ ಕೈಗೆ ಲೋಟ, ಯಾರಿಗೆ ಬರೀ ಬೊಗಸೆ ಅನ್ನೋ ಹಳೇ ಕೊಳಕು ಎಷ್ಟೋ ಕಡೆ ಅಲ್ಲೂ ಇತ್ತು. ಅದನ್ನ ಹೊಗಳ್ತಿಲ್ಲ. ಆದರೆ ಬೇಕಾದಷ್ಟೇ ಈಸ್ಕೊಂಡು ಕುಡಿಯೋದು ಅನ್ನೋ ಮರ್ಯಾದೆಯನ್ನಾದ್ರೂ ಉಳಿಸಿಕೊಳ್ಳಬಹುದಿತ್ತು.

ನಾನು ಕೇಳ್ತಿರೋದು ಮೂರೇ. ಆಯೋಜಕರು ಬಾಟಲಿ ಬದಲು ಕ್ಯಾನ್ ಇಟ್ಟು, ಓಟಗಾರರ ಲೋಟಕ್ಕೆ ಕೇಳಿದಷ್ಟು ನೀರು ಹಾಕಲಿ. ಟೀ ಶರ್ಟ್ ಜೊತೆ ಕೊಡೋ ಚೀಲದಲ್ಲಿ ಆ ಕೂಪನ್, ಈ ಪೌಡರ್ ಬದಲು ಮಡಚುವ ಒಂದು ಲೋಟ ಕೊಡಲಿ. ಮೂರನೆಯದು ನಮಗೆ: ದುಡ್ಡು ಕಟ್ಟೋ ಮುಂಚೆ "ನೀರು ಹೇಗೆ ಕೊಡ್ತೀರಿ?" ಅಂತ ಒಂದು ಮೇಲ್ ಹಾಕಿ. ರೂಟ್ ಎಷ್ಟು ಏರು, ಮೆಡಲ್ ಹೇಗಿದೆ ಅಂತೆಲ್ಲ ಕೇಳ್ತೀವಲ್ಲ, ಇದನ್ನೂ ಕೇಳಿ. ನೂರು ಜನ ಕೇಳಿದರೆ ಅವರು ಬದಲಾಯಿಸ್ತಾರೆ. ವ್ಯಾಪಾರ ಅಂದ್ಮೇಲೆ ಗಿರಾಕಿ ಮಾತು ಕೇಳಲೇಬೇಕು.

ಬಾಟಲಿ ಕೊಡೋ ಓಟಕ್ಕೆ ನಾನಂತೂ ಇನ್ನು ಹೆಸರು ಕೊಡಲ್ಲ. ಒಬ್ಬ ಬರದಿದ್ದರೆ ಯಾರಿಗೂ ನಷ್ಟ ಇಲ್ಲ, ಗೊತ್ತು. ಆದರೂ ಸರಿ. ಮುಂದಿನ ಸಲ ಆ ಅಕ್ಕನಂಥವರು ಯಾರಾದರೂ ಎದುರು ಸಿಕ್ಕರೆ ಸುಳ್ಳು ಸಬೂಬು ಹೇಳೋದಾದ್ರೂ ತಪ್ಪುತ್ತೆ.

ನಿಮ್ಮಲ್ಲಿ ಓಡೋರು ಯಾರಾದ್ರೂ ಇದ್ದರೆ ಜಗಳಕ್ಕಾದ್ರೂ ಬನ್ನಿ, ನಾನು ತಪ್ಪು ಅಂತ ಅನ್ನಿಸಿದ್ರೆ ಹೇಳಿ. ಸರಿ ಅನ್ನಿಸಿದ್ರೂ ಹೇಳಿ. ಕಾಲು ಸರಿಹೋಗೋಕೆ ಮೂರು ವಾರ ಬೇಕಂತೆ. ಆಮೇಲೆ ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಸಿಗೋಣ. ಮಡಚುವ ಲೋಟ ಎರಡು ತರಿಸಿದ್ದೀನಿ, ಒಂದು ನಿಮಗೆ.