ಅಲೆಯನ್ನು ಓದುವ ವಿದ್ಯೆ

ಕಳೆದ ವಾರ ಬೆಳಗಿನ ವಾಯುವಿಹಾರ ಮುಗಿಸಿ, ಸದಾಶಿವನಗರದ ನಮ್ಮ ಮನೆಯ ಮುಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆ ಬಿಡಿಸುತ್ತಿದ್ದೆ. ಅಷ್ಟರಲ್ಲಿ ಹಳೆಯ ಶಿಷ್ಯನೊಬ್ಬನ ಕರೆ ಬಂತು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಸ್ವಲ್ಪ ತಡವರಿಸಿ ಕೇಳಿದ: "ಸಾರ್, ಮಗ ಬೇಸಿಗೆ ರಜೆಯಲ್ಲಿ ಮೂಲ್ಕಿಗೆ ಹೋಗಿ ಸರ್ಫಿಂಗ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾನೆ. ಮನೆಯಲ್ಲಿ ಯಾರಿಗೂ ಒಪ್ಪಿಗೆಯಿಲ್ಲ. ನನಗೂ ಧೈರ್ಯ ಸಾಲದು. ನೀವೇನು ಹೇಳುತ್ತೀರಿ?"

ಸಂಜೆ ಉದ್ಯಾನದಲ್ಲಿ ಗೆಳೆಯರ ಮುಂದೆ ಈ ವಿಷಯ ಇಟ್ಟೆ. ಒಬ್ಬರು "ಇದ್ದೊಬ್ಬ ಮಗನನ್ನು ಸಮುದ್ರಕ್ಕೆ ನೂಕುವುದೇ?" ಎಂದರು. ಮತ್ತೊಬ್ಬರು "ಅದೆಲ್ಲ ಹವಾಯಿ, ಆಸ್ಟ್ರೇಲಿಯಾದವರ ಹುಚ್ಚು, ಬಯಲುಸೀಮೆಯ ನಮಗೇಕೆ?" ಎಂದು ನಕ್ಕರು. ನಾನು ಮಾತ್ರ ಶಿಷ್ಯನಿಗೆ "ಕಳುಹಿಸು" ಎಂದೇ ಹೇಳಿದ್ದೆ. ಏಕೆ ಹಾಗೆ ಹೇಳಿದೆನೆಂಬುದನ್ನು ವಿವರಿಸಲು ಈ ಲೇಖನ.

ಆತ್ಮೀಯ ಓದುಗರೇ, ನಮ್ಮದು ಕಡಲಿಲ್ಲದ ಜಿಲ್ಲೆ. ನಮಗೆ ನೀರೆಂದರೆ ಕೆರೆ. ತುಮಕೂರಿನ ಅಮಾನಿಕೆರೆ, ಜನಪದರು ಹಾಡಿ ಹೊಗಳಿದ ಕುಣಿಗಲ್ ಕೆರೆ, ಗುಬ್ಬಿಯ ಕಡೆಯ ಹಳ್ಳಿಹಳ್ಳಿಯ ಕಟ್ಟೆಗಳು, ಇಷ್ಟೇ ನಮ್ಮ ಸಾಗರ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು. 'ಅಲೆಗಳು' ಎಂಬ ಪಾಠವನ್ನು ಎಷ್ಟು ಬಾರಿ ಮಾಡಿದ್ದೇನೋ ಲೆಕ್ಕವಿಲ್ಲ. ಬಾವಿಯ ಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಿ ಒಂದು ತುದಿ ಒದರಿ ತೋರಿಸುತ್ತಿದ್ದೆ. ತರಂಗದೂರ, ಪಾರ, ಆವೃತ್ತಿ ಎಂದು ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದೆ. "ಅಲೆ ಶಕ್ತಿಯನ್ನು ಸಾಗಿಸುತ್ತದೆ, ದ್ರವ್ಯವನ್ನಲ್ಲ" ಎಂದು ಮಕ್ಕಳಿಂದ ಕಂಠಪಾಠ ಮಾಡಿಸುತ್ತಿದ್ದೆ. ಆದರೆ ನಿಜವಾದ ಅಲೆಯ ಮುಂದೆ ನಿಂತಾಗ ಈ ವಿದ್ಯೆ ಎಷ್ಟು ಉಪಯೋಗಕ್ಕೆ ಬಂತೆಂಬುದನ್ನು ಈಗ ಹೇಳಬೇಕು.

1993ರ ಡಿಸೆಂಬರಿನಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನು ಪ್ರವಾಸ ಕರೆದೊಯ್ದಿದ್ದೆವು. ಧರ್ಮಸ್ಥಳ, ಉಡುಪಿ ಮುಗಿಸಿ ಮಲ್ಪೆಗೆ ಬಂದೆವು. ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷಗಳಷ್ಟು ಹಳೆಯ ಶಿಲಾಸ್ತಂಭಗಳನ್ನು ನೋಡಿದೆವು. ಕಂಬಗಳ ಮುಖಗಳನ್ನು ಮಕ್ಕಳು ಎಣಿಸಿ ಎಣಿಸಿ "ಸಾರ್, ಇದಕ್ಕೂ ಆರು!" ಎಂದು ಕೂಗುತ್ತಿದ್ದರು. ಅಂದು ನನಗಾದ ಸಂತೋಷಕ್ಕೆ ಪಾರವಿರಲಿಲ್ಲ.

ಮರಳಿ ದಡಕ್ಕೆ ಬಂದ ಮೇಲೆ "ಮೊಣಕಾಲುದ್ದ ನೀರಿಗಿಂತ ಮುಂದೆ ಹೋಗಬೇಡಿ" ಎಂದು ಎಚ್ಚರಿಸಿ ಅರ್ಧ ಗಂಟೆ ಆಡಲು ಬಿಟ್ಟೆವು. ಅಲೆಗಳು ಜೋರಾಗಿ ಒಡೆಯುತ್ತಿದ್ದ ಕಡೆ ಬೇಡವೆಂದು, ನಾನೇ ನೋಡಿ, ನೀರು ಶಾಂತವಾಗಿದ್ದ ಒಂದು ಜಾಗ ತೋರಿಸಿದೆ. ಹತ್ತು ನಿಮಿಷ ಕಳೆದಿರಲಿಲ್ಲ, ಹುಡುಗನೊಬ್ಬ ನೋಡನೋಡುತ್ತಿದ್ದಂತೆ ಒಳಗೆ ಸರಿದುಹೋದ. ಅಲೆ ಬಂದು ಎಳೆಯಲಿಲ್ಲ. ನೀರೇ ಸದ್ದಿಲ್ಲದೆ ಅವನನ್ನು ಹೊತ್ತೊಯ್ದಿತು. ದಡದತ್ತ ಕೈಬಡಿಯುತ್ತಿದ್ದ, ಆದರೂ ದೂರವಾಗುತ್ತಲೇ ಇದ್ದ. ಈಜು ಬಾರದ ನಾನು ಸೊಂಟದುದ್ದ ನೀರಿಗಿಳಿದು ಅವನ ಹೆಸರು ಹಿಡಿದು ಕೂಗುವುದಷ್ಟನ್ನೇ ಮಾಡಿದೆ. ಬಲೆ ಸರಿಪಡಿಸುತ್ತಿದ್ದ ಮೊಗವೀರ ಯುವಕನೊಬ್ಬ ಎದ್ದು ಓಡಿ ಬಂದ. ಅಚ್ಚರಿಯೆಂದರೆ ಅವನು ಆ ಸೆಳೆತದ ವಿರುದ್ಧ ಈಜಲಿಲ್ಲ. ಅದರ ಜೊತೆಗೇ ಒಳಗೆ ಹೋಗಿ, ಹುಡುಗನನ್ನು ಹಿಡಿದು, ದಡಕ್ಕೆ ಸಮಾನಾಂತರವಾಗಿ ಬಹಳ ದೂರ ಈಜಿ, ಅಲೆ ಒಡೆಯುವ ಕಡೆಯಿಂದ ಹೊರಬಂದ. ಹುಡುಗ ಬದುಕಿದ. ಕೈಮುಗಿದು ಹಣ ಕೊಡಹೋದರೆ ಆ ಪುಣ್ಯಾತ್ಮ ಮುಟ್ಟಲಿಲ್ಲ. "ಮಾಸ್ಟ್ರೇ, ನೀರು ಸುಮ್ಮನಿದ್ದ ಕಡೆ ಇಳಿಸಬಾರದು" ಎಂದಷ್ಟೇ ಹೇಳಿ ಬಲೆಯತ್ತ ನಡೆದ.

ಮೊನ್ನೆ ಕರೆ ಮಾಡಿದವನು ಆ ಹುಡುಗನೇ. ಈಗ ಅವನ ಮಗನಿಗೆ ಹದಿನೈದು ತುಂಬಿದೆ.

ಆ ಘಟನೆಯ ನಂತರ ನಮ್ಮ ಶಾಲೆಯಲ್ಲಿ ಸಮುದ್ರದ ಪ್ರವಾಸವೇ ನಿಂತಿತು. ಹಾಗೆ ನಿಲ್ಲಿಸಬೇಕೆಂದು ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವನು ನಾನೇ. ಬಹುಕಾಲ ಅದು ಸರಿಯಾದ ನಿರ್ಧಾರವೆಂದೇ ನಂಬಿದ್ದೆ. ಆದರೆ ಆ ಯುವಕನ ಮಾತಿನ ಅರ್ಥ ನನಗೆ ತಿಳಿದದ್ದು ನಿವೃತ್ತನಾಗಿ ಐದು ವರ್ಷಗಳ ಮೇಲೆ, ಸಸಿಹಿತ್ಲುವಿನಲ್ಲಿ.

2024ರ ಬೇಸಿಗೆಯಲ್ಲಿ ಬಂಧುಗಳ ಮನೆಯ ಗೃಹಪ್ರವೇಶಕ್ಕೆಂದು ಮೂಲ್ಕಿಗೆ ಹೋಗಿದ್ದೆವು. ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಅರಬ್ಬಿ ಸಮುದ್ರ ಸೇರುವ ಠಾವು ಸಸಿಹಿತ್ಲು. ಒಂದು ಕಡೆ ನದಿ, ಒಂದು ಕಡೆ ಕಡಲು, ನಡುವೆ ಕಿರಿದಾದ ನೆಲ. ತುದಿಯಲ್ಲಿ ನಿಂತರೆ ದ್ವೀಪದ ಮೇಲೆ ನಿಂತಂತೆಯೇ ಭಾಸವಾಗುತ್ತದೆ. ಅಲ್ಲಿ ಹತ್ತಾರು ಹುಡುಗ ಹುಡುಗಿಯರು ಹಲಗೆ ಹಿಡಿದು ನೀರಿಗಿಳಿಯುತ್ತಿದ್ದರು. ದಡದಲ್ಲಿದ್ದ ತರಬೇತುದಾರನೊಬ್ಬ, ಇಪ್ಪತ್ತೈದರ ಪ್ರಾಯದವನು, ನನ್ನ ಕುತೂಹಲ ಕಂಡು ಪಕ್ಕಕ್ಕೆ ಬಂದು ನಿಂತ. ಅಂದು ಒಂದು ಗಂಟೆ ಅವನು ಮೇಷ್ಟ್ರು, ನಾನು ವಿದ್ಯಾರ್ಥಿ.

ಅವನು ಹೇಳಿದ್ದಕ್ಕೆ ನನ್ನ ಪುಸ್ತಕದ ಪಾಠವನ್ನೂ ಕೂಡಿಸಿ ಇಲ್ಲಿ ಹೇಳುತ್ತೇನೆ. ದೂರದ ಸಾಗರದಲ್ಲಿ ಗಾಳಿಯಿಂದ ಹುಟ್ಟಿದ ಉಬ್ಬಲೆ ಸಾವಿರಾರು ಕಿಲೋಮೀಟರ್ ಸಾಗಿ ಬರುತ್ತದೆ. ಆಳದಲ್ಲಿ ನೀರು ಇದ್ದಲ್ಲೇ ವೃತ್ತಾಕಾರವಾಗಿ ಚಲಿಸುತ್ತದೆಯೇ ಹೊರತು ಮುಂದೆ ಬರುವುದಿಲ್ಲ. ನೀರಿನ ಆಳ ತರಂಗದೂರದ ಅರ್ಧಕ್ಕಿಂತ ಕಡಿಮೆಯಾದಾಗ ಅಲೆಗೆ ನೆಲ ತಾಗುತ್ತದೆ. ಅದರ ವೇಗ ತಗ್ಗಿ, ಎತ್ತರ ಹೆಚ್ಚುತ್ತದೆ. ಅಲೆಯ ಎತ್ತರ ನೀರಿನ ಆಳದ ಸರಿಸುಮಾರು ಮುಕ್ಕಾಲು ಭಾಗವಾದಾಗ ಅದು ತಲೆಬಾಗಿ ಒಡೆಯುತ್ತದೆ. ಕೆಲವು ತೀರಗಳಲ್ಲಿ ಬಂಡೆ ಅಥವಾ ಹವಳದ ದಿಬ್ಬದ ಮೇಲೆ ಒಡೆಯುತ್ತದೆ. ನಮ್ಮ ಕರಾವಳಿಯ ಮರಳ ತೀರಗಳಲ್ಲಿ ನೀರಡಿಯ ಮರಳ ದಿಬ್ಬಗಳ ಮೇಲೆ ಒಡೆಯುತ್ತದೆ. ಬಂಡೆ ಕದಲದು, ಮರಳು ಕದಲುತ್ತದೆ. ನದಿ ಹೊತ್ತು ತಂದ ಮರಳು, ಮಳೆಗಾಲದ ಅಬ್ಬರ, ಇವು ಆ ದಿಬ್ಬಗಳನ್ನು ಸದಾ ಬದಲಿಸುತ್ತಿರುತ್ತವೆ. ಆದ್ದರಿಂದ ಇಂಥ ತೀರದಲ್ಲಿ ಸರ್ಫಿಂಗ್ ಮಾಡುವವನು ನಿನ್ನೆ ಕಲಿತದ್ದನ್ನೇ ನಂಬಿ ಇಂದು ಇಳಿಯುವಂತಿಲ್ಲ. ಪ್ರತಿದಿನವೂ ಮೊದಲು ದಡದಲ್ಲಿ ಕುಳಿತು ಕಡಲನ್ನು ಓದಬೇಕು.

ಇನ್ನು ಮುಖ್ಯ ವಿಷಯ. ಒಡೆದ ಅಲೆ ದಡಕ್ಕೆ ತಂದ ನೀರು ಹಿಂದೆ ಹೋಗಲೇಬೇಕಲ್ಲ? ಅದು ದಿಬ್ಬಗಳ ನಡುವಿನ ಕಂಡಿಯಲ್ಲಿ ಕಾಲುವೆಯಂತೆ ಹರಿದು ಹೊರಹೋಗುತ್ತದೆ. ಇದನ್ನೇ ರಿಪ್ ಕರೆಂಟ್ ಎನ್ನುತ್ತಾರೆ. ಕಂಡಿಯಲ್ಲಿ ಆಳ ಹೆಚ್ಚಾದ್ದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ. ನೀರು ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚಿನ ವೇಗದಲ್ಲಿ ಹರಿಯುವ ಈ ಹೊನಲನ್ನು ಎದುರಿಸಿ ಈಜಲು ಒಲಿಂಪಿಕ್ ಪದಕ ಗೆದ್ದವನಿಗೂ ಆಗದು. ಅದರಲ್ಲಿ ಸಿಕ್ಕವನು ಗಾಬರಿಯಾಗದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು.

"ಸರ್, ನಾವು ಹಲಗೆ ತೆಗೆದುಕೊಂಡು ಒಳಗೆ ಹೋಗುವುದು ಅದೇ ದಾರಿಯಲ್ಲಿ" ಎಂದ ಆ ಯುವಕ. "ಅಲೆಗಳನ್ನು ದಾಟುವ ಶ್ರಮವಿಲ್ಲ, ನೀರೇ ನಮ್ಮನ್ನು ಕರೆದೊಯ್ಯುತ್ತದೆ."

ನಾನು ಸ್ತಬ್ಧನಾದೆ. 1993ರಲ್ಲಿ ಶಾಂತವಾದ ಜಾಗವೆಂದು ನಾನು ಮಕ್ಕಳನ್ನು ಇಳಿಸಿದ್ದು ಸರಿಯಾಗಿ ಆ ಕಾಲುವೆಗೇ! ಬಲ್ಲವನಿಗೆ ವಾಹನವಾಗುವ ನೀರು ಅರಿಯದವನಿಗೆ ಮೃತ್ಯುವಾಗುತ್ತದೆ. ಸಮುದ್ರ ಒಂದೇ, ವ್ಯತ್ಯಾಸ ವಿದ್ಯೆಯದು.

ಗೆಳೆಯರು ಹೇಳಿದಂತೆ ಈ ಕ್ರೀಡೆ ಹವಾಯಿ ದ್ವೀಪಗಳದೆಂಬುದು ನಿಜ. ಆದರೆ ಅದನ್ನು ಜಗತ್ತಿಗೆ ಪರಿಚಯಿಸಿದ ಡ್ಯೂಕ್ ಕಹಾನಮೋಕು ಅವರ ಕಥೆ ಕೇಳಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನಲ್ಲಿ ಚಿನ್ನ ಗೆದ್ದವರು ಅವರು. 1925ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ತೀರದಲ್ಲಿ ದೋಣಿಯೊಂದು ಮಗುಚಿದಾಗ, ತಮ್ಮ ಸರ್ಫಿಂಗ್ ಹಲಗೆಯನ್ನೇ ಹಿಡಿದು ಮತ್ತೆ ಮತ್ತೆ ಅಲೆಗಳನ್ನು ದಾಟಿ ಎಂಟು ಜನರನ್ನು ಉಳಿಸಿದರು. ಜೀವರಕ್ಷಕರ ಕೈಗೆ ಹಲಗೆ ಬರಲು ಆ ಘಟನೆಯೂ ಒಂದು ಕಾರಣವಾಯಿತು. ಆಟದ ಹಲಗೆ ಜೀವದ ಹಲಗೆಯೂ ಹೌದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ನಮ್ಮ ನಾಡಿಗೂ ಇದು ಹೊಸದಲ್ಲ. 'ಸರ್ಫಿಂಗ್ ಸ್ವಾಮಿ' ಎಂದೇ ಹೆಸರಾದ ಅಮೆರಿಕದ ಜ್ಯಾಕ್ ಹೆಬ್ನರ್ ಈ ಶತಮಾನದ ಮೊದಲ ದಶಕದಲ್ಲೇ ಮೂಲ್ಕಿಯಲ್ಲಿ ಆಶ್ರಮ ಕಟ್ಟಿ, ಮಂತ್ರ ಸರ್ಫ್ ಕ್ಲಬ್ ಮೂಲಕ ಊರಿನ ಮಕ್ಕಳಿಗೆ ಈ ವಿದ್ಯೆ ಕಲಿಸಿದರು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲುವಿನಲ್ಲೇ ನಡೆಯಿತು. ಅದೇ ವರ್ಷ ಮೂಲ್ಕಿಯ ತನ್ವಿ ಜಗದೀಶ್ ಫಿಜಿ ದ್ವೀಪದಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ, ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಕ್ರೀಡೆಯಲ್ಲಿ ಭಾರತವನ್ನು ಪ್ರತಿನಿಧಿಸಿದಳು. ಟೋಕಿಯೊ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಸರ್ಫಿಂಗ್ ಮೊದಲ ಬಾರಿಗೆ ಒಲಿಂಪಿಕ್ ಕ್ರೀಡೆಯಾಯಿತು. 2025ರ ಆಗಸ್ಟಿನಲ್ಲಿ ಮಾಮಲ್ಲಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ರಮೇಶ್ ಬೂದಿಹಾಳ್ ಕೂಡ ಕರ್ನಾಟಕ ಮೂಲದ ಕುಟುಂಬದವರೇ.

ಇರಲಿ, ಪದಕದ ಮಾತು ನನಗೆ ಮುಖ್ಯವಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಯಲುಸೀಮೆಯ ಮಕ್ಕಳು, ಸಮುದ್ರ ಕಂಡ ಸಂಭ್ರಮ, ದಡದಲ್ಲಿ ನಿಂತ ಉಪಾಧ್ಯಾಯರು. ಆ ಚಿತ್ರದಲ್ಲಿ ನಾನೂ ನಿಂತಿದ್ದೇನೆ. ನನ್ನ ಅದೃಷ್ಟಕ್ಕೆ ಅಂದು ಬಲೆ ಹೆಣೆಯುವವನೊಬ್ಬ ಹತ್ತಿರದಲ್ಲಿದ್ದ, ಅಷ್ಟೇ.

ಇಂಥದ್ದು ನಡೆದಾಗಲೆಲ್ಲ ನಾವು ಮಾಡುವುದು ನಾನು ಅಂದು ಮಾಡಿದ್ದನ್ನೇ. ನಿಷೇಧಿಸುತ್ತೇವೆ. ಪ್ರವಾಸ ಬೇಡ, ತೀರ ಬೇಡ, ನೀರು ಬೇಡ. ಮಳೆಗಾಲದ ನಿಷೇಧ ಖಂಡಿತ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಷೇಧ ವಿದ್ಯೆಯಾಗದು. ಶಾಲೆ ಬಿಟ್ಟ ಮೇಲೆ ಅದೇ ಮಕ್ಕಳು ಗೆಳೆಯರೊಡನೆ ಗೋಕರ್ಣಕ್ಕೋ ಮಲ್ಪೆಗೋ ಹೋಗುತ್ತಾರೆ. ಆಗ ತಡೆಯುವ ಮೇಷ್ಟ್ರೂ ಇಲ್ಲ, ತಿಳಿಸಿಕೊಟ್ಟ ವಿದ್ಯೆಯೂ ಇಲ್ಲ. ಕಡಲಿಗೆ ಹೋಗದಿದ್ದರೂ ನೀರು ನಮ್ಮನ್ನು ಬಿಡುವುದೇ? 2025ರ ಅಕ್ಟೋಬರಿನಲ್ಲಿ ನಮ್ಮದೇ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಬಳಿ ನೀರು ಏಕಾಏಕಿ ನುಗ್ಗಿ ತುಮಕೂರಿನ ಒಂದೇ ಕುಟುಂಬದ ಹಲವರು ಕೊಚ್ಚಿಹೋದರು. ಅಲ್ಲಿಯ ಸೈಫನ್ ಮಟ್ಟ ಮೀರಿದೊಡನೆ ತಾನೇ ತಾನಾಗಿ ನೀರು ಹೊರಹಾಕುವಂಥದ್ದು. ಸೈಫನ್ನಿನ ತತ್ವವನ್ನು ನಾವು ಬಕೆಟ್ಟು, ರಬ್ಬರ್ ಕೊಳವೆ ಇಟ್ಟುಕೊಂಡು ತರಗತಿಯಲ್ಲಿ ತೋರಿಸುತ್ತೇವೆ. ಆದರೆ ನಮ್ಮದೇ ಜಿಲ್ಲೆಯ ಜಲಾಶಯದಲ್ಲಿ ಅದೇ ತತ್ವ ಏನು ಮಾಡಬಲ್ಲದೆಂದು ಯಾವ ಮಗುವಿಗೂ ಹೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಶಾಲಾ ಮಕ್ಕಳಿಗೆ ಈಜು ಮತ್ತು ಜಲಸುರಕ್ಷತೆ ಕಲಿಸಬೇಕೆಂದು ಆ ಸಂಸ್ಥೆಯೇ ಶಿಫಾರಸು ಮಾಡುತ್ತದೆ. ಎಲ್ಲ ಮಕ್ಕಳೂ ಸರ್ಫಿಂಗ್ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಹಣ ಬೇಕು, ಕಡಲು ಬೇಕು, ಗುರು ಬೇಕು. ನಾನು ಕೇಳುವುದು ಮೂರೇ ಮಾತು. ಒಂದು, ತಾಲ್ಲೂಕಿಗೊಂದಾದರೂ ಸುರಕ್ಷಿತ ಈಜುಕೊಳವಿದ್ದು, ಸರ್ಕಾರಿ ಶಾಲೆಯ ಮಕ್ಕಳಿಗೂ, ಮುಖ್ಯವಾಗಿ ಹೆಣ್ಣುಮಕ್ಕಳಿಗೂ, ಅದು ದೊರೆಯಲಿ. ಎರಡು, ಕರಾವಳಿಗೆ ಪ್ರವಾಸ ಹೊರಡುವ ಮುನ್ನ ಉಪಾಧ್ಯಾಯರಿಗೂ ಮಕ್ಕಳಿಗೂ ಒಂದು ಪಾಠ ಆಗಲಿ: ಜೀವರಕ್ಷಕರಿಲ್ಲದ ತೀರದಲ್ಲಿ ಇಳಿಯಬಾರದು, ಶಾಂತವಾಗಿ ಕಾಣುವ ಕಪ್ಪು ನೀರಿನಿಂದ ದೂರವಿರಬೇಕು, ಸೆಳೆತಕ್ಕೆ ಸಿಕ್ಕರೆ ಪಕ್ಕಕ್ಕೆ ಈಜಬೇಕು, ಮುಳುಗುವವನಿಗೆ ಹಗ್ಗ ಅಥವಾ ತೇಲುವ ವಸ್ತು ಎಸೆಯಬೇಕೇ ಹೊರತು ಈಜು ಬಾರದವನು ಧುಮುಕಬಾರದು. ಮೂರು, ಅಲೆಯ ಪಾಠ ಮಾಡುವಾಗ ಹಗ್ಗದ ಜೊತೆಗೆ ಕಡಲನ್ನೂ ತರಗತಿಗೆ ತನ್ನಿ. ಇದಕ್ಕೆ ಖರ್ಚಿಲ್ಲ, ಒಂದು ಸೀಮೆಸುಣ್ಣ ಸಾಕು.

ಶಿಷ್ಯನಿಗೆ ಹೇಳಿದ್ದೂ ಷರತ್ತಿನ ಮೇಲೆಯೇ. "ಮೊದಲು ಇಲ್ಲಿ ಈಜು ಕಲಿಸು. ಮಳೆಗಾಲ ಆರಂಭವಾಗುವ ಮೊದಲು ಅಥವಾ ಮುಗಿದ ಮೇಲೆ, ಅನುಭವಿ ತರಬೇತುದಾರರ ಬಳಿಗೇ ಕಳುಹಿಸು. ಮೂರನೆಯದು, ನೀನೂ ಜೊತೆಗೆ ಹೋಗು." ಅತ್ತ ಕಡೆ ಕ್ಷಣಕಾಲ ಮೌನ. ಆಮೇಲೆ ಅವನು ಮೆಲ್ಲನೆ ಹೇಳಿದ: "ಸಾರ್, ಅಂದಿನಿಂದ ಇಂದಿನವರೆಗೆ ನಾನು ಕೆರೆಯ ಏರಿಯ ಮೇಲೂ ಕಾಲಿಟ್ಟಿಲ್ಲ."

ಆ ಮಾತು ಕೇಳಿ ನನ್ನ ಕಣ್ಣು ಒದ್ದೆಯಾಯಿತು. ಅವನ ಜೀವ ಉಳಿಸಿದ್ದು ಆ ಮೊಗವೀರ. ಅವನ ಭಯವನ್ನು ಮೂವತ್ತು ವರ್ಷ ಪೋಷಿಸಿದ್ದು, ಪಾಠ ಮಾಡಬೇಕಾದ ಕಡೆ ನಿಷೇಧ ಹೇರಿದ ನಾನು. ಮುಂದಿನ ತಿಂಗಳು ಅಪ್ಪ ಮಗ ಇಬ್ಬರೂ ಈಜುಕೊಳಕ್ಕೆ ಸೇರುತ್ತಾರಂತೆ. ಅರವತ್ತು ದಾಟಿದ ನನ್ನನ್ನೂ ಕರೆದಿದ್ದಾನೆ. ಮಂಡಿನೋವಿನ ನೆಪ ಹೇಳಿಲ್ಲ, ಬರುತ್ತೇನೆಂದಿದ್ದೇನೆ.

ಉಪಾಧ್ಯಾಯ ಮಿತ್ರರೇ, ಈ ವರ್ಷ ನೀವು ಮಕ್ಕಳನ್ನು ಕಡಲಿಗೆ ಕರೆದೊಯ್ಯುವುದಾದರೆ ದಯವಿಟ್ಟು ನನ್ನ ತಪ್ಪಿನಿಂದ ಕಲಿಯಿರಿ. ನೀರು ಸುಮ್ಮನಿದ್ದ ಕಡೆ ಇಳಿಸಬೇಡಿ.